ಪೊಮೋನಾಳ ಬಲಗೈ

"ಯಾರಾದ್ರೂ ಆ ಬಾಗ್ಲು ಹಾಕ್ರಪ್ಪ, ಧೂಳು ಬರ್ತಿದೆ."

ಮಾತು ಬಂದದ್ದು ಏಣಿಯ ಮೇಲಿಂದ. ಅಲ್ಲಿ ನಿಂತವನ ತಲೆ, ಹುಬ್ಬು, ಅಂಗಿಯ ತೋಳು ಎಲ್ಲ ಅಮೃತಶಿಲೆಯ ಪುಡಿಯಿಂದ ಬೆಳ್ಳಗಾಗಿದ್ದವು. ಇಂಥವನಿಗೆ ಬೀದಿಯ ಧೂಳಿನ ಚಿಂತೆ. ಜೆಲಿಂದಾ ಬಾಗಿಲನ್ನು ಇನ್ನೊಂದು ಮೊಳ ಅಗಲ ತೆಗೆದಳು.

"ಕೇಳಿಸ್ಲಿಲ್ವೇನಮ್ಮ?"

"ಕೇಳಿಸ್ತು."

ಅವನು ತಿರುಗಿ ನೋಡಿದ. ಬಾಯಲ್ಲಿ ಕಚ್ಚಿಕೊಂಡಿದ್ದ ಸೀಸದ ಕಡ್ಡಿ ತೆಗೆದು ಕಿವಿಗೆ ಸಿಕ್ಕಿಸಿದ. "ಯಾರ ಮನೆಯವಳು ನೀನು?"

"ತೊರಾನೊ ಅಗೊಸ್ತೀನೊ ಮಗಳು. ಉಜ್ಜೋ ಕೆಲಸಕ್ಕೆ ಬಂದಿದೀನಿ."

ಆ ಮನೆಯ ಕೆತ್ತನೆಗಾರ ಫೆರಾಂತೆ ಏಣಿಯ ಮೇಲೆ ಕಾಲು ಬದಲಿಸಿದ. "ಬಾಗ್ಲು ಹಾಗೇ ಇರ್ಲಿ ಬಿಡು," ಎಂದು ಮತ್ತೆ ಕಲ್ಲಿನ ಕಡೆ ತಿರುಗಿದ.

ಅವನಿಗೆ ನಾಚಿಕೆಯಾಯಿತೆಂದು ಅವಳಿಗೆ ಅನಿಸಲಿಲ್ಲ. ಆ ಬೆನ್ನನ್ನು ನೋಡುತ್ತ, ಇದರ ಹಿಂದೆ ನಿಂತು ಒಂದು ದಿನ ಊರೆಲ್ಲ ನಗಬೇಕು ಎಂದುಕೊಂಡಳು. ಇಟಲಿಯ ಕರಾರಾ ಊರಿನ ಅಷ್ಟೊಂದು ಕೆತ್ತನೆ ಮನೆಗಳಲ್ಲಿ ಬೆರ್ಗಾಂತಿ ಮೇಸ್ತ್ರಿಯ ಈ ಮನೆಯನ್ನೇ ಆರಿಸಿಕೊಂಡದ್ದು ಅದಕ್ಕೋ, ಬೆಟ್ಟದ ಮೇಲಿನ ತೊರಾನೊ ಹಳ್ಳಿಯಿಂದ ಇಳಿಯುವ ದಾರಿಗೆ ಇದೇ ಹತ್ತಿರವೆಂದೋ, ಕೇಳಿದರೆ ಅವಳೂ ಹೇಳುತ್ತಿರಲಿಲ್ಲ.

ಹಿಂದಿನ ಅಕ್ಟೋಬರಿನವರೆಗೆ ಅವಳ ಅಪ್ಪ ಅಗೊಸ್ತೀನೊ ತೊರಾನೊದ ಗಣಿಯಲ್ಲಿ ಕಲ್ಲು ಆರಿಸುವವನಾಗಿದ್ದ. ಬೆಟ್ಟದಿಂದ ಬಿಡಿಸಿದ ಬಂಡೆಯನ್ನು ಸುತ್ತಿಗೆಯಿಂದ ಒಮ್ಮೆ ತಟ್ಟಿ, ಕತ್ತು ವಾಲಿಸಿ ಕೇಳಿ, "ಇದು ಹಾಡ್ತದೆ," ಎನ್ನುತ್ತಿದ್ದ. ಅಷ್ಟು ಸಾಕಿತ್ತು. ಮೂವತ್ತು ವರ್ಷ ಆ ಮಾತಿನ ಮೇಲೆ ಕರಾರಾದ ಮೇಸ್ತ್ರಿಗಳು ಬಂಡೆ ಒಯ್ದಿದ್ದರು. ಅಕ್ಟೋಬರಿನಲ್ಲಿ ಎಂಟು ಜೋಡಿ ಎತ್ತು ಕಟ್ಟಿ ಎಳೆದು ತಂದ ಬಂಡೆಯ ಮೇಲೆ ಇದೇ ಅಂಗಳದಲ್ಲಿ, ಬೀದಿಯ ಜನ ನೋಡುತ್ತಿರುವಾಗ, ಫೆರಾಂತೆ ಒಂದು ಕೊಡ ನೀರು ಸುರಿದ. ಕಲ್ಲೆಲ್ಲ ಒಣಗಿತು. ನಡುವೆ ಒಂದು ಎಳೆ ಮಾತ್ರ ಒದ್ದೆಯಾಗಿಯೇ ಉಳಿಯಿತು.

"ಕೂದಲು," ಎಂದ ಫೆರಾಂತೆ. ಕಲ್ಲಿನೊಳಗಿನ ಬಿರುಕಿಗೆ ಅಲ್ಲಿ ಹಾಗೆನ್ನುತ್ತಾರೆ. "ಈ ಕಲ್ಲು ನಮಗೆ ಬೇಡ."

ಅಗೊಸ್ತೀನೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದನಂತೆ. ಮರುವಾರದಿಂದ ಅವನ ಸುತ್ತಿಗೆಗೆ ಕೆಲಸವಿರಲಿಲ್ಲ. ಈಗ ಗಣಿಯ ಬುಡದಲ್ಲಿ ಚೂರುಗಲ್ಲು ಹೊರುವವರ ಜೊತೆ ಹೊರುತ್ತಿದ್ದ.

ಊರಿಗೆ ಗೊತ್ತಿಲ್ಲದ, ಅವಳ ಮನೆಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಸಿಡಿಮದ್ದಿನ ಸದ್ದು ತಿಂದು ತಿಂದು ಅಗೊಸ್ತೀನೊನ ಕಿವಿ ಎರಡು ವರ್ಷದ ಹಿಂದೆಯೇ ಹೋಗಿತ್ತು. ಬುತ್ತಿ ಒಯ್ಯುವ ನೆಪದಲ್ಲಿ ಜೆಲಿಂದಾ ಗಣಿಗೆ ಹತ್ತುತ್ತಿದ್ದಳು. ಅಪ್ಪ ತಟ್ಟುತ್ತಿದ್ದ, ಮಗಳು ಕೇಳುತ್ತಿದ್ದಳು. ಸರಿ ಇದ್ದರೆ ತಲೆವಸ್ತ್ರದ ತುದಿ ಬಿಗಿಯುತ್ತಿದ್ದಳು, ಇಲ್ಲದಿದ್ದರೆ ಇಲ್ಲ. ಆ ಅಕ್ಟೋಬರಿನ ಬಂಡೆಯನ್ನು ಆರಿಸಿದ ದಿನ ಅವಳು ಜ್ವರ ಬಂದು ಮಲಗಿದ್ದಳು. ಅಪ್ಪ ಒಬ್ಬನೇ ತಟ್ಟಿ, ಒಬ್ಬನೇ ತಲೆಯಾಡಿಸಿ, ಕಳಿಸಿಬಿಟ್ಟಿದ್ದ.

ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಸಿಡಿಮದ್ದು ಇಡುವ ಮುನ್ನ ಊದುವ ಕೊಂಬು ಕೇಳಿಸದವನನ್ನು ಗಣಿಯ ಹತ್ತಿರಕ್ಕೂ ಬಿಡುವುದಿಲ್ಲ. ಚೂರುಗಲ್ಲು ಹೊರುವ ಕೆಲಸವೂ ಹೋದರೆ ಅಪ್ಪ ಮನೆಯ ಮೂಲೆಯಲ್ಲಿ ಗೋಡೆ ನೋಡುತ್ತ ಕೂರುತ್ತಾನೆ.

*

ಕೆತ್ತನೆ ಮನೆಯ ನಡುವೆ ಇಬ್ಬರು ಪೊಮೋನಾಗಳು ನಿಂತಿದ್ದರು. ಒಬ್ಬಳು ರೋಮಿನ ದೊಡ್ಡ ಶಿಲ್ಪಿ ಕಳಿಸಿದ ಗಚ್ಚಿನ ಮಾದರಿ. ಮೈತುಂಬ ಸೀಸದ ಚುಕ್ಕೆ. ಸಿಡುಬು ಎದ್ದವಳ ಹಾಗೆ. ಇನ್ನೊಬ್ಬಳು ಇನ್ನೂ ಕಲ್ಲಿನೊಳಗಿದ್ದಳು. ಮಾದರಿಯ ಒಂದೊಂದು ಚುಕ್ಕೆಯನ್ನೂ ಮೂರು ಕೈವಾರದಿಂದ ಅಳೆದು ಕಲ್ಲಿಗೆ ಸಾಗಿಸುವುದು ಫೆರಾಂತೆಯ ಕೆಲಸ. ಒಂದು ಉಗುರನ್ನೂ ತನ್ನಿಷ್ಟದಂತೆ ಕೆತ್ತುವ ಹಕ್ಕು ಅವನಿಗಿರಲಿಲ್ಲ. ಎಲ್ಲ ಮುಗಿದ ಮೇಲೆ ರೋಮಿನವರು ಬಂದು, ಕೆನ್ನೆಗೆ ನಾಲ್ಕು ಏಟು ಕೊಟ್ಟು, ಪೀಠದಲ್ಲಿ ತಮ್ಮ ಹೆಸರು ಕೆತ್ತಿ ಹೋಗುತ್ತಾರೆ.

ಕೆಳಗೆ, ಮುಗಿದ ಭಾಗವನ್ನು ಮರಳು, ನೀರು, ಉಜ್ಜುಗಲ್ಲು ಹಾಕಿ ನುಣುಪು ಮಾಡುವುದು ಹೆಂಗಸರ ಕೆಲಸ. ಆ ವರ್ಷ ಇದ್ದವರು ಇಬ್ಬರೇ: ಜೆಲಿಂದಾ, ಮತ್ತು ನಲವತ್ತು ವರ್ಷದಿಂದ ದೇವತೆಗಳ ಕಾಲು ಉಜ್ಜಿ ಬೆರಳಿನ ಗುರುತೇ ಸವೆದುಹೋಗಿದ್ದ ತೆರ್ಸಿಲ್ಲಜ್ಜಿ.

"ಈ ಪೊಮೋನಾ ಯಾರಜ್ಜಿ?"

"ಹಣ್ಣಿನ ತೋಟದ ದೇವತೆ ಕಣೆ. ಗಂಡಸರು ಅಂದ್ರೆ ಆಗ್ತಿರ್ಲಿಲ್ಲ. ತೋಟದ ಸುತ್ತ ಗೋಡೆ ಕಟ್ಟಿ ಬಾಗ್ಲು ಹಾಕ್ಕೊಂಡು ಗಿಡ ಸವರ್ತಾ ಇದ್ಳು. ವೆರ್ತುಮ್ನೊ ಅಂತ ಒಬ್ಬ ದೇವರಿಗೆ ಇವಳ ಮೇಲೆ ಮನಸ್ಸು. ಒಂದಿನ ರೈತನಾಗಿ ಬಂದ, ಒಂದಿನ ಸಿಪಾಯಿಯಾಗಿ ಬಂದ. ಉಹುಂ. ಕೊನೇಗೆ ನನ್ನಂಥ ಮುದುಕಿ ವೇಷ ಹಾಕ್ಕೊಂಡು ಕೋಲೂರ್ಕೊಂಡು ಬಂದ. ಮುದುಕಿ ತಾನೇ ಅಂತ ಬಿಟ್ಕೊಂಡ್ಳು."

"ಆಮೇಲೆ?"

"ಆಮೇಲೇನು, ಮುದುಕಿ ವೇಷ ಕಿತ್ತೆಸೆದು ತನ್ನ ನಿಜರೂಪ ತೋರಿಸ್ದ. ಇವಳು ಸೇಬು ಹಿಡ್ಕೊಂಡು ಕೈ ಚಾಚಿದ್ಳು. ನೋಡು, ಅದೇ ಬಲಗೈ."

"ವೇಷ ಹಾಕಿ ಮೋಸ ಮಾಡಿದವನಿಗೆ ಸೇಬು. ಚೆನ್ನಾಗಿದೆ. ನಾನಾಗಿದ್ರೆ ಗಿಡ ಸವರೋ ಕತ್ತಿ ಕೊಡ್ತಿದ್ದೆ, ಹಿಡಿ ಕಡೆಯಿಂದ ಅಲ್ಲ."

ಏಣಿಯ ಮೇಲೆ ಉಳಿಯ ಸದ್ದು ನಿಂತಿತು. "ಅಜ್ಜಿ," ಎಂದ ಫೆರಾಂತೆ, "ಮಾದರೀಲಿ ಕತ್ತಿ ಇಲ್ಲ ಅಂತ ಹೇಳಿ. ಇದ್ದಿದ್ರೆ ನಾನೇ ಕೆತ್ತಿ ಕೊಡ್ತಿದ್ದೆ. ಅಳತೆ ಹೇಳಿದ್ರೆ ಸಾಕು."

"ಅಜ್ಜಿ," ಎಂದಳು ಜೆಲಿಂದಾ, "ಮೇಲಿಂದ ಚೂರು ಬೀಳ್ತಾ ಇದೆ, ಬಾಯಿ ಮುಚ್ಕೊಂಡು ಕೆಲಸ ಮಾಡೋಕೆ ಹೇಳಿ."

"ನನ್ನನ್ನ ಯಾಕ್ರಪ್ಪ ನಡುವೆ ಎಳೀತೀರ," ಎಂದಳು ಅಜ್ಜಿ. "ನೇರವಾಗಿ ಬೈಕೊಳ್ಳಿ. ನನಗೂ ಹೊತ್ತು ಹೋಗತ್ತೆ."

ನೇರವಾಗಿ ಬೈದುಕೊಳ್ಳುವುದಕ್ಕೆ ಇನ್ನೆರಡು ವಾರ ಹಿಡಿಯಿತು. ಆಮೇಲೆ ನಿಲ್ಲಲಿಲ್ಲ. ಅವನು ಬೆಳಿಗ್ಗೆ ಬಂದರೆ ಬಕೆಟ್ ಏಣಿಯ ದಾರಿಯಲ್ಲಿರುತ್ತಿತ್ತು. ಅವಳು ಮಧ್ಯಾಹ್ನ ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿ ಬಿಚ್ಚಿದರೆ ಮೇಲಿಂದ ಸರಿಯಾಗಿ ಅದೇ ಹೊತ್ತಿಗೆ ಪುಡಿ ಉದುರುತ್ತಿತ್ತು. ಅವಳು ಹಿಂದೆ ನೋಡದೆ ಹೇಳುತ್ತಿದ್ದಳು: "ಉಪ್ಪು ಕಮ್ಮಿಯಾಗಿತ್ತು, ಸರಿಹೋಯ್ತು."

ಅವನು ನಕ್ಕದ್ದು ಅವಳಿಗೆ ಕಾಣುತ್ತಿರಲಿಲ್ಲ. ಆದರೆ ನಗುವಾಗ ಅವನು ಉಳಿಯನ್ನು ಅಂಗೈಗೆ ಮೆತ್ತಗೆ ತಟ್ಟಿಕೊಳ್ಳುತ್ತಿದ್ದ. ಆ ಸದ್ದನ್ನು ಅವಳ ಕಿವಿ ಬೇಡವೆಂದರೂ ಹಿಡಿಯುತ್ತಿತ್ತು.

*

ಈಸ್ಟರಿನ ವಾರ. ಬುಧವಾರ ಬೆಳಿಗ್ಗೆ ಪೀಠ ತೊಳೆಯುತ್ತಿದ್ದಾಗ ಅವಳ ಉಜ್ಜುಗಲ್ಲು ಜಾರಿ ಬಂಡೆಗೆ ತಗುಲಿತು. ಠಪ್ ಎಂದಿತು.

ಅವಳು ನಿಂತಳು. ಇನ್ನೊಮ್ಮೆ ತಟ್ಟಿದಳು. ಠಪ್. ಪಕ್ಕಕ್ಕೆ ಸರಿದು ಬೇರೆ ಮುಖಕ್ಕೆ ತಟ್ಟಿದಳು. ಕಲ್ಲು ಗಂಟೆಯ ಹಾಗೆ ಹಾಡಿತು, ಹಾಡಿ ಮೆಲ್ಲನೆ ನಿಂತಿತು.

ಬಿರುಕಿರಲಿಲ್ಲ. ಕಲ್ಲು ಒಳ್ಳೆಯದೇ. ನಿಲ್ಲಿಸಿದ್ದು ತಪ್ಪಾಗಿತ್ತು.

ಬೆಟ್ಟದೊಳಗೆ ಕಲ್ಲು ಒಂದು ಮಗ್ಗುಲಲ್ಲಿ ಮಲಗಿರುತ್ತದೆ. ಆ ಮಗ್ಗುಲಿಗೆ ಸರಿಯಾಗಿ ಕೆತ್ತಿದರೆ ಚಾಚಿದ ಕೈ ಇನ್ನೂರು ವರ್ಷ ಚಾಚಿಕೊಂಡೇ ಇರುತ್ತದೆ. ಅಡ್ಡವಾಗಿ ಕೆತ್ತಿದರೆ ಒಣ ರೊಟ್ಟಿಯ ಹಾಗೆ ಮುರಿಯುತ್ತದೆ. ಅದಕ್ಕಾಗಿ ಗಣಿಯವರು ಕೆಮ್ಮಣ್ಣಿನಲ್ಲಿ ಒಂದು ಗೀಟು ಹಾಕಿ ಕಳಿಸುತ್ತಾರೆ. ತೊರಾನೊದವರು ಕಲ್ಲು ಮಲಗಿದ ಉದ್ದಕ್ಕೆ ಗೀಟು ಎಳೆಯುತ್ತಾರೆ. ಆಚೆ ಕಣಿವೆಯ ಕೊಲೊನ್ನಾತಾದವರು ಬುಡದಿಂದ ತಲೆಯ ಕಡೆಗೆ, ನೆಟ್ಟಗೆ ಎಳೆಯುತ್ತಾರೆ. ಅಗೊಸ್ತೀನೊನನ್ನು ಬಿಟ್ಟ ಮೇಲೆ ಈ ಮನೆಗೆ ಬಂದ ಮೊದಲ ಕೊಲೊನ್ನಾತಾ ಬಂಡೆ ಇದು. ಫೆರಾಂತೆ ಹುಟ್ಟಿದಾಗಿನಿಂದ ತೊರಾನೊದ ಗೀಟು ನೋಡಿ ಬೆಳೆದವನು. ಹಾಗೆಯೇ ಓದಿಕೊಂಡು ನಿಲ್ಲಿಸಿದ್ದ. ಗೀಟು ಇದ್ದ ಮೈ ಮೊದಲ ವಾರವೇ ಚೂರಾಗಿ ಅಂಗಳ ಸೇರಿತ್ತು. ಇನ್ನು ನೋಡಿ ತಿಳಿಯುವ ದಾರಿಯಿರಲಿಲ್ಲ. ಉಳಿ ಹಿಡಿದವರ ಕಿವಿಗೆ ಈ ಸದ್ದು ಸಿಗುವುದೂ ಇಲ್ಲ. ಇದಕ್ಕೆ ಗಣಿಯ ಕಿವಿಯೇ ಬೇಕು.

ಅವಳು ತಲೆಯೆತ್ತಿ ಮಾದರಿಯ ಬಲಗೈಯನ್ನು ನೋಡಿದಳು. ಗಾಳಿಯಲ್ಲಿ ಅಷ್ಟುದ್ದ ಚಾಚಿದ, ಯಾವ ಆಸರೆಯೂ ಇಲ್ಲದ ಕೈ. ಕೊನೆಯಲ್ಲಿ ಸೇಬು.

ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ, ಅಪ್ಪನ ಕಿವಿಯ ಗುಟ್ಟು ಹೊರಬೀಳುತ್ತದೆ. ಅದು ಒಂದು ಕಾರಣ. ಆದರೆ ಅವಳು ತನಗೆ ತಾನು ಸುಳ್ಳು ಹೇಳಿಕೊಳ್ಳಲಿಲ್ಲ. ಮುರಿಯಲಿ, ಎಂದುಕೊಂಡಳು. ರೋಮಿನವರ ಎದುರಿಗೇ ಮುರಿಯಲಿ. ಇದೇ ಅಂಗಳದಲ್ಲಿ ಇವನೂ ಟೋಪಿ ಕೈಯಲ್ಲಿ ಹಿಡಿದು ನಿಲ್ಲಲಿ.

ಆ ಸಂಜೆ ತೊರಾನೊದ ಏರು ಹತ್ತುವಾಗ ಅವಳಿಗೆ ದಣಿವೇ ಆಗಲಿಲ್ಲ.

*

ಮೇ ತಿಂಗಳಲ್ಲಿ ಪೊಮೋನಾಳ ಮುಖ, ಎದೆ, ಹಣ್ಣು ತುಂಬಿದ ಮಡಿಲು ಹೊರಬಂದವು. ಬಲಗೈಯ ಸುತ್ತ ಮಾತ್ರ ಕಲ್ಲು ಹಾಗೆಯೇ ಇತ್ತು. ಅದು ಕೊನೆಯ ಕೆಲಸ. ಜೂನಿನಲ್ಲಿ ಫೆರಾಂತೆ ಬೆನ್ನಿಗೆ ಹೋದ. ಅವನ ಹಿಂದೆಯೇ ಉಜ್ಜುತ್ತ ಹೋದ ಜೆಲಿಂದಾ ಅಲ್ಲಿ ಕಂಡದ್ದನ್ನು ನೋಡಿ ಕೈ ನಿಲ್ಲಿಸಿದಳು.

"ಇದನ್ನ ಗೋಡೆಯ ಗೂಡಿನಲ್ಲಿ ನಿಲ್ಲಿಸ್ತಾರಂತೆ," ಎಂದಳು. "ಮೇಸ್ತ್ರಿ ಹೇಳ್ತಿದ್ರು. ಬೆನ್ನು ಯಾರಿಗೂ ಕಾಣಲ್ಲ."

"ಗೊತ್ತು."

"ಮತ್ತೆ ಜಡೆ ಒಂದೊಂದು ಎಳೆ ಯಾಕೆ ಬಿಡಿಸಿದೀಯ? ಮಾದರೀಲೂ ಇಷ್ಟಿಲ್ಲ."

"ಉಜ್ಜೋರಿಗೆ ಕಾಣತ್ತಲ್ಲ."

ಅವನು ಅದನ್ನು ತಮಾಷೆಯ ದನಿಯಲ್ಲಿ ಹೇಳಲಿಲ್ಲ. ಕೈವಾರದ ಕಾಲು ಬಿಗಿಮಾಡುತ್ತ, ಅದರ ತಿರುಪಿಗೆ ಹೇಳಿದಂತೆ ಹೇಳಿದ. ಅವನ ರೆಪ್ಪೆಯ ಮೇಲೆ ಪುಡಿ ಕೂತಿತ್ತು. ಎತ್ತಿದರೆ ಉದುರೀತೆಂಬಂತೆ ರೆಪ್ಪೆ ಎತ್ತಲೇ ಇಲ್ಲ.

"ನನಗೇನೂ ಬೇಡ," ಎಂದಳು ಅವಳು. "ಎಳೆ ಜಾಸ್ತಿಯಾದಷ್ಟೂ ನನಗೆ ಕೆಲಸ ಜಾಸ್ತಿ."

"ಅದಕ್ಕೇ ಮಾಡಿದ್ದು. ಬೇಗ ಮುಗಿದ್ರೆ ನೀನು ಬೇರೆ ಮೂರ್ತಿಗೆ ಹೋಗ್ತೀಯ."

ತೆರ್ಸಿಲ್ಲಜ್ಜಿ ಆ ಹೊತ್ತಿಗೆ ಬಕೆಟ್ ತುಂಬಿಸಲು ಹೊರಗೆ ಹೋಗಿದ್ದಳು. ನಡುವೆ ಎಳೆದುಕೊಳ್ಳಲು ಯಾರೂ ಇರಲಿಲ್ಲ. ಜೆಲಿಂದಾ ಬಗ್ಗಿ ಉಜ್ಜತೊಡಗಿದಳು. ಕಲ್ಲಿನ ಜಡೆ ಅವಳ ಬೆರಳುಗಳ ಕೆಳಗೆ ತಣ್ಣಗೆ, ಎಳೆ ಎಳೆಯಾಗಿ ಹರಿಯಿತು. ಉಜ್ಜುತ್ತ ಬುಡಕ್ಕೆ ಇಳಿದಾಗ ಪೀಠದ ಅಂಚಿಗೆ ಮಣಿಕಟ್ಟು ತಗುಲಿತು, ಚೂಪಿರಬೇಕಾದ ಜಾಗ. ಚೂಪಿರಲಿಲ್ಲ. ಯಾರೋ ಅವಳ ಮಣಿಕಟ್ಟು ತಗುಲುವಷ್ಟು ಜಾಗವನ್ನು ಮಾತ್ರ ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು.

ಅವಳಿಗೆ ಸಿಟ್ಟು ಬಂತು. ಇವನ ಮೇಲಿನ ದ್ವೇಷವನ್ನು ಅವಳು ಎಂಟು ತಿಂಗಳಿಂದ ಚೊಕ್ಕವಾಗಿ ಇಟ್ಟುಕೊಂಡಿದ್ದಳು. ಇವನು ಅದರಲ್ಲೂ ಕೈ ಹಾಕುತ್ತಿದ್ದಾನೆ.

"ಈ ಅಂಚು ಯಾರು ಕೆಡಿಸಿದ್ದು?"

"ಇಲಿ ಕಡಿದಿರಬೇಕು."

ಅಂಗೈಗೆ ಉಳಿ ತಟ್ಟುವ ಸದ್ದು ಕೇಳಿಸಿತು.

ಆ ದಿನದಿಂದ ಮನೆಗೆ ಹತ್ತುವ ದಾರಿ ಉದ್ದವಾಯಿತು. ಅಪ್ಪ ಬಾಗಿಲಲ್ಲಿ ಕೂತಿರುತ್ತಿದ್ದ, ಕೈಯಲ್ಲಿ ಕಲ್ಲು ಹೊತ್ತ ಗಾಯ. ಅವನನ್ನು ಕಂಡರೆ, ಮುರಿಯಲಿ ಎನಿಸುತ್ತಿತ್ತು. ಬೆಳಿಗ್ಗೆ ಇಳಿದು ಬಂದು ಪೊಮೋನಾಳ ಬಲಗೈಯ ಕೆಳಗೆ ಏಣಿ ಹಾಕಿ ನಿಂತವನನ್ನು ಕಂಡರೆ, ಇವತ್ತು ಹೇಳಿಬಿಡಬೇಕು ಎನಿಸುತ್ತಿತ್ತು. ಹೇಳದೆ ಜುಲೈ ಬಂತು.

*

ಜುಲೈ ಎರಡನೆಯ ವಾರ ಫೆರಾಂತೆ ಕೈಯ ಕೆಳಗಿನ ಕಲ್ಲಿಗೆ ದಪ್ಪ ಉಳಿ ಹಿಡಿದ. ಸುತ್ತಿಗೆ ಎತ್ತಿದ.

"ಉಳಿ ತೆಗಿ," ಎಂದಳು ಜೆಲಿಂದಾ.

"ಏನು?"

"ಅಲ್ಲಿಂದ ಉಳಿ ತೆಗಿ ಅಂದೆ. ಕೆಳಗಿನ ಕಲ್ಲು ಬಿಡಿಸಿದ್ರೆ ಕೈ ನಿಲ್ಲಲ್ಲ. ಕಲ್ಲಿನ ಮಗ್ಗುಲು ಅಡ್ಡ ಇದೆ. ಕೊಲೊನ್ನಾತಾದವರು ಗೀಟು ನೆಟ್ಟಗೆ ಎಳೀತಾರೆ. ನೀನು ಮಲಗಿಸಿ ಓದ್ದೆ."

ಅವನು ಏಣಿ ಇಳಿದ. ಅವಳ ಮುಖ ನೋಡಿ, ಕೀಟಲೆಯಲ್ಲವೆಂದು ತಿಳಿದುಕೊಂಡ. ಅವಳು ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಕಿವಿ ಇಡು," ಎಂದಳು. ಅವನು ಕಲ್ಲಿಗೆ ಕೆನ್ನೆ ಒತ್ತಿದ. ಅವಳು ಒಂದು ಮುಖಕ್ಕೆ ತಟ್ಟಿದಳು, ಪಕ್ಕದ ಮುಖಕ್ಕೆ ತಟ್ಟಿದಳು. ಮತ್ತೆ ತಟ್ಟಿದಳು. ಮೂರನೆಯ ಸಲಕ್ಕೆ ಅವನ ಮುಖದ ಬಣ್ಣ ಇಳಿಯಿತು.

"ಯಾವಾಗ ಗೊತ್ತಾಯ್ತು ನಿನಗೆ?"

ಇವತ್ತು ಎಂದು ಹೇಳಬಹುದಿತ್ತು. "ಈಸ್ಟರಿನಲ್ಲಿ," ಎಂದಳು.

"ಮೂರು ತಿಂಗಳು." ಅವನ ದನಿ ಏರಲಿಲ್ಲ. "ಮೂರು ತಿಂಗಳು ನಾನು ಇದನ್ನ ಕೆತ್ತೋದನ್ನ ನೀನು ನೋಡ್ತಾ ಕೂತಿದ್ದೆ."

"ಕೂತಿರ್ಲಿಲ್ಲ. ಉಜ್ತಾ ಇದ್ದೆ."

"ಅಷ್ಟು ದ್ವೇಷ."

"ಅಷ್ಟೂ ನೀನೇ ಕೊಟ್ಟಿದ್ದು. ಮೂವತ್ತು ವರ್ಷದ ಮನುಷ್ಯನ ಮಾತನ್ನ ಒಂದು ಕೊಡ ನೀರಿಗೆ ಹಾಕ್ದೆಯಲ್ಲ."

"ಕೂದಲಿತ್ತು ಜೆಲಿಂದಾ. ಇತ್ತೋ ಇಲ್ವೋ?"

"ಇತ್ತು. ಬೀದಿಯವರ ಮುಂದೆ ತೋರಿಸ್ಬೇಕಿತ್ತಾ? ಕಿವೀಲಿ ಹೇಳೋಕೆ ಆಗ್ತಿರ್ಲಿಲ್ವಾ?"

"ಹೇಳ್ದೆ," ಎಂದ ಅವನು. "ಮೂರು ಸಲ ಹೇಳ್ದೆ. ನೀರು ಹಾಕೋ ಮುಂಚೆ ಅವರ ಬೆನ್ನ ಹಿಂದೆ ನಿಂತು, ಬೇರೆಯವರಿಗೆ ಕೇಳಿಸ್ಬಾರ್ದು ಅಂತ ಮೆತ್ತಗೆ ಹೇಳ್ದೆ. 'ಮಾವ, ಕೂದಲಿದ್ದ ಹಾಗಿದೆ, ವಾಪಸ್ ಹೊಡ್ಕೊಂಡು ಹೋಗಿ, ನಾನು ಯಾರಿಗೂ ಬಾಯಿ ಬಿಡಲ್ಲ' ಅಂತ. ತಿರುಗಿ ಕೂಡ ನೋಡ್ಲಿಲ್ಲ. ನೊಣ ಗುಂಯ್‌ಗುಟ್ಟಿದ ಹಾಗೆ ನಿಂತಿದ್ರು. ನನಗೆ ತಲೆ ಕೆಟ್ಟುಹೋಯ್ತು."

ಜೆಲಿಂದಾ ಸುತ್ತಿಗೆಯನ್ನು ಪೀಠದ ಮೇಲಿಟ್ಟಳು. ಕೈ ಒರೆಸಿಕೊಂಡಳು. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡದ್ದರಿಂದ ಕೈ ಇನ್ನೂ ಒದ್ದೆಯಾಯಿತು.

"ನಮ್ಮಪ್ಪನಿಗೆ ಕಿವಿ ಕೇಳಲ್ಲ," ಎಂದಳು. "ಎರಡು ವರ್ಷದಿಂದ. ಕಲ್ಲು ಕೇಳ್ತಿದ್ದಿದ್ದು ನಾನು. ಆ ಬಂಡೆ ಆರಿಸಿದ ದಿನ ನಾನಿರ್ಲಿಲ್ಲ."

ಅವನು ಅವಳನ್ನು ನೋಡಿದ. ಉಳಿಯನ್ನು ಚೀಲಕ್ಕೆ ಹಾಕಿ ಹೊರಗೆ ನಡೆದುಬಿಟ್ಟ. ಅಂಗಳದಲ್ಲಿ ಅವನ ಹೆಜ್ಜೆ ಒಮ್ಮೆ ನಿಂತಿತು. ಮತ್ತೆ ಮುಂದೆ ಹೋಯಿತು.

ತೆರ್ಸಿಲ್ಲಜ್ಜಿ ಮೂಲೆಯಿಂದ ಎದ್ದು ಬಂದು ಅವಳ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡಳು. "ನಾನೇನೂ ಕೇಳಿಸ್ಕೊಳ್ಳಲಿಲ್ಲ ಮಗಳೇ," ಎಂದಳು. "ಈ ವಯಸ್ಸಿಗೆ ಯಾರ ಕಿವಿ ತಾನೇ ಸರಿಯಿರತ್ತೆ."

*

ಹನ್ನೊಂದು ದಿನ ಫೆರಾಂತೆ ಅವಳೊಡನೆ ಮಾತಾಡಲಿಲ್ಲ. ಬಕೆಟ್ ದಾರಿಯಲ್ಲಿದ್ದರೆ ದಾಟಿಕೊಂಡು ಹೋದ. ರೊಟ್ಟಿಯ ಮೇಲೆ ಪುಡಿ ಬೀಳಲಿಲ್ಲ. ಅವಳಿಗೆ ರೊಟ್ಟಿ ಸಪ್ಪೆಯಾಯಿತು. ಅದಕ್ಕೂ ಅವನನ್ನೇ ಮನಸ್ಸಿನಲ್ಲಿ ಬೈದಳು.

ಹನ್ನೆರಡನೆಯ ದಿನ ಅವನು ಉಳಿ ಎತ್ತಿದ. ಮಾದರಿಯಲ್ಲಿ ಪೊಮೋನಾಳ ಮೊಣಕಾಲ ಪಕ್ಕ ಒಂದು ಸೇಬಿನ ಮರದ ಮೋಟು ಇತ್ತು. ಫೆರಾಂತೆ ಕೈಯ ಕೆಳಗಿನ ಕಲ್ಲನ್ನು ತೆಗೆದುಹಾಕದೆ, ಆ ಮೋಟಿನಿಂದ ಒಂದು ಕೊಂಬೆ ಎಬ್ಬಿಸಿದ. ಕೊಂಬೆ ಬಾಗುತ್ತ ಮೇಲೇರಿ, ಮಣಿಕಟ್ಟಿನ ಅಡಿಗೆ ಬಂದು, ಕೈಯನ್ನು ಹೊತ್ತುಕೊಂಡಿತು. ಈಗ ಅವಳು ಸೇಬು ಕೊಡುತ್ತಿದ್ದಾಳೋ ಕೊಂಬೆಯಿಂದ ಕೀಳುತ್ತಿದ್ದಾಳೋ ಹೇಳುವುದು ಕಷ್ಟವಿತ್ತು.

ಬೆರ್ಗಾಂತಿ ಮೇಸ್ತ್ರಿ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಮಾದರೀಲಿ ಇಲ್ಲದ ಕೊಂಬೆ ನಿಮ್ಮಪ್ಪ ನೆಟ್ಟಿದ್ನೇನೋ?"

"ರೋಮಿನ ದೊಡ್ಡವರು ಬರ್ಲಿ ಮೇಸ್ತ್ರಿ. ಅವರಿಗೆ ಹೇಳ್ತೀನಿ."

ದೊಡ್ಡವರು ಸೆಪ್ಟೆಂಬರಿನಲ್ಲಿ ಬಂದರು. ಮೂರ್ತಿಯನ್ನು ಬೆಳಕಿಗೆಂದು ಅಂಗಳಕ್ಕೆ ಎಳೆದಿದ್ದರು. ಬೀದಿಯವರು, ಪಕ್ಕದ ಕೆತ್ತನೆ ಮನೆಯವರು, ಕಲ್ಲಿನ ಗಾಡಿಯವರು ಎಲ್ಲ ನೆರೆದಿದ್ದರು. ಶಿಲ್ಪಿ ಸುತ್ತ ಒಂದು ಬಾರಿ ನಡೆದು, ಕೋಲಿನ ತುದಿಯಿಂದ ಕೊಂಬೆ ತೋರಿಸಿ, "ಇದನ್ನ ಕಡೀರಿ," ಎಂದ.

"ಕಡಿದ್ರೆ ಕೈ ಬೀಳತ್ತೆ, ಸ್ವಾಮಿ," ಎಂದ ಫೆರಾಂತೆ. ಟೋಪಿ ತೆಗೆದಿದ್ದ. "ಕಲ್ಲು ನಿಲ್ಲಿಸಿದ್ದು ನಾನು, ತಪ್ಪಾಗಿ ನಿಲ್ಲಿಸ್ದೆ. ಕೊಲೊನ್ನಾತಾದ ಗೀಟನ್ನ ತೊರಾನೊದ್ದು ಅಂತ ಓದ್ದೆ. ಗೊತ್ತಿಲ್ಲದಿದ್ರೆ ಕೇಳ್ಬಹುದಿತ್ತು, ಕೇಳ್ಲಿಲ್ಲ. ತಪ್ಪು ಹಿಡಿದಿದ್ದು ತೊರಾನೊ ಅಗೊಸ್ತೀನೊ ಮನೆಯವರು. ಹೋದ ವರ್ಷ ಇದೇ ಜಾಗದಲ್ಲಿ ನಾನು ಆ ಮನೆಯವರ ಕಲ್ಲಿನ ಮೇಲೆ ನೀರು ಹಾಕಿದ್ದೆ. ನೋಡಿದವರೆಲ್ಲ ಇಲ್ಲೇ ಇದೀರ. ಇದನ್ನೂ ನೋಡಿ."

ಯಾರೂ ನಗಲಿಲ್ಲ. ಉಜ್ಜುಗಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಜೆಲಿಂದಾ ನಗುವಿಗಾಗಿ ಕಾದಳು. ಇಷ್ಟು ದಿನ ಕನಸು ಕಂಡದ್ದು ಇದನ್ನೇ. ಬಂದಾಗ ಅವಳಿಗೆ ನೋಡಲಾಗದೆ, ಅವನ ಕಾಲ ಬಳಿಯ ನೆಲ ನೋಡಿದಳು. ಅಪ್ಪನ ಕಿವಿಯ ಮಾತನ್ನು ಅವನು ಎಲ್ಲೂ ಎತ್ತಿರಲಿಲ್ಲ.

ಶಿಲ್ಪಿ ಸುತ್ತಿಗೆ ಕೇಳಿದ. ಮೂರ್ತಿಯ ಕೈಗೆ ಮೆತ್ತಗೆ ತಟ್ಟಿದ, ಕಿವಿ ಇಟ್ಟ, ಬಹಳ ಹೊತ್ತು ಹಾಗೆಯೇ ಇದ್ದ. ಸುತ್ತಿಗೆ ಹಿಂದಕ್ಕೆ ಕೊಟ್ಟು, "ಕೊಂಬೆ ಇರ್ಲಿ," ಎಂದ. ಆಮೇಲೆ ನೆರೆದವರ ಕಡೆ ತಿರುಗಿ, "ನನ್ನ ಮೊದಲ ಚಿತ್ರದಲ್ಲೂ ಕೊಂಬೆ ಇತ್ತು," ಎಂದ.

ಮೇಸ್ತ್ರಿ ಮಾತ್ರ ಸುಮ್ಮನಿರಲಿಲ್ಲ. ಫೆರಾಂತೆಯ ಕೈವಾರ ಕಿತ್ತುಕೊಂಡು ಬೇರೊಬ್ಬನಿಗೆ ಕೊಟ್ಟ. ಒಂದು ವರ್ಷ ಒರಟು ಕೆತ್ತನೆ ಮಾಡಿಕೊಂಡಿರು ಎಂದ. ಸಂಜೆ, ಯಾರೂ ಇಲ್ಲದಾಗ ಜೆಲಿಂದಾಳನ್ನು ಕರೆದು, "ನಿಮ್ಮಪ್ಪ ಸೋಮವಾರದಿಂದ ಇಲ್ಲಿ ಅಂಗಳದಲ್ಲಿ ಕಲ್ಲು ನೋಡ್ಲಿ," ಎಂದ. "ನೀನೂ ಜೊತೇಲಿರು." ದನಿ ತಗ್ಗಿಸಿ, "ತೆರ್ಸಿಲ್ಲಜ್ಜಿಗೆ ಕೇಳಿಸ್ದೆ ಇರೋದು ಈ ಮನೇಲಿ ಏನೂ ಇಲ್ಲಮ್ಮ. ಇಲ್ಲಿ ಕೊಂಬು ಊದಲ್ಲ, ಹೆದರ್ಬೇಡ," ಎಂದ.

*

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬಂದು ಅವಳು ಮನೆಯ ಮುಂದೆ ಅವರೆ ಬಿಡಿಸುತ್ತ ಕೂತಿದ್ದಳು. ಅಪ್ಪ ಕಟ್ಟೆಯ ಮೇಲಿದ್ದ. ಫೆರಾಂತೆ ತೊರಾನೊದ ಏರು ಹತ್ತಿ ಬರುವುದು ದೂರದಿಂದಲೇ ಕಂಡಿತು. ತಲೆ ತೊಳೆದಿದ್ದ. ಅವನ ಕೂದಲು ಕಪ್ಪೆಂದು ಅವಳಿಗೆ ಅವತ್ತೇ ಗೊತ್ತಾಯಿತು.

ಅವನು ನೇರವಾಗಿ ಹೋಗಿ ಅಗೊಸ್ತೀನೊನ ಎದುರು, ಮುಖಕ್ಕೆ ಮುಖ ಕೊಟ್ಟು, ನೆಲದ ಮೇಲೆ ಕೂತ. ತುಟಿ ಬಿಡಿಸಿ ನಿಧಾನವಾಗಿ ಹೇಳಿದ: "ಮಾವ, ಅವತ್ತು ನಾನು ನಿಮ್ಮ ಹಿಂದೆ ನಿಂತು ಮಾತಾಡ್ದೆ. ಮುಂದೆ ಬಂದು ಹೇಳ್ಬೇಕಿತ್ತು. ತಪ್ಪಾಯ್ತು."

ಅಗೊಸ್ತೀನೊ ಅವನ ತುಟಿಗಳನ್ನು ನೋಡುತ್ತ ಕೂತ. ಕಿವಿ ಹೋದವರ ದನಿ ಹೇಗೋ ಹಾಗೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ: "ನಿನ್ನ ನೆರಳು ಕಾಣ್ತಿತ್ತು ಹುಡುಗ. ಬಾಯಿ ಆಡೋದೂ ಕಾಣ್ತಿತ್ತು, ಗೋಡೆ ಮೇಲೆ. ತಿರುಗಿದ್ರೆ 'ಏನು' ಅಂತ ಕೇಳ್ಬೇಕಾಗ್ತಿತ್ತು. ಕೇಳಿದ್ರೆ ಗೊತ್ತಾಗಿಬಿಡ್ತಿತ್ತು. ಅದಕ್ಕೇ ತಿರುಗ್ಲಿಲ್ಲ."

ಜೆಲಿಂದಾಳ ಕೈಯಲ್ಲಿದ್ದ ಕಾಯಿ ಹಾಗೆಯೇ ಉಳಿಯಿತು. ಒಂದು ವರ್ಷದಿಂದ ಅಪ್ಪ ಇದನ್ನು ಹೊತ್ತುಕೊಂಡು ಚೂರುಗಲ್ಲು ಹೊತ್ತಿದ್ದ. ಅವಳು ಇಬ್ಬರನ್ನೂ ನೋಡಿದಳು. ಬೈಯಬೇಕಾದವರು ಯಾರೆಂದು ಹೊಳೆಯದೆ, ಹತ್ತಿರವಿದ್ದವನನ್ನೇ ಬೈದಳು.

"ನೆಲದ ಮೇಲೆ ಕೂತ್ಕೊಂಡು ಏನು ನೋಡ್ತೀಯ? ಕೈ ಖಾಲಿ ಇದ್ರೆ ಇದನ್ನ ಬಿಡಿಸು."

ಅವನು ಬುಟ್ಟಿಯ ಆಚೆ ಬದಿಗೆ ಸರಿದು ಕೂತ. ಒಂದು ಕಾಯಿ ಬಿಡಿಸಿ, ಸಿಪ್ಪೆಯನ್ನು ಕಾಳಿಗೆ ಹಾಕಿದ.

"ಕಾಳು ಈ ಕಡೆ. ಕಲ್ಲು ನಿಲ್ಲಿಸಿದ ಹಾಗೇ ಮಾಡ್ತೀಯ ಎಲ್ಲಾನೂ."

"ಹೇಳಿಕೊಡೋಕೆ ಮೂರು ತಿಂಗಳು ಕಾಯ್ಲಿಲ್ವಲ್ಲ ಈ ಸಲ."

"ಅದನ್ನ ಎಷ್ಟು ವರ್ಷ ಹೇಳ್ತೀಯ?"

"ನೀನು ನೀರಿನ ಕೊಡದ ಮಾತು ಎಷ್ಟು ವರ್ಷ ಹೇಳ್ತೀಯ?"

"ಸಾಯೋವರೆಗೆ."

"ನಾನೂ ಅಷ್ಟೇ." ಅವನು ಬುಟ್ಟಿಯಲ್ಲಿ ಕೈಯಾಡಿಸಿದ. "ಅಷ್ಟು ದಿನ ಒಬ್ಬರನ್ನೊಬ್ಬರು ಬೈಕೊಂಡಿರ್ಬೇಕು ಅಂದ್ರೆ ಒಂದೇ ಮನೇಲಿ ಇರೋದು ವಾಸಿ. ದಿನಾ ಈ ಏರು ಹತ್ತೋಕೆ ನನ್ನ ಕೈಲಾಗಲ್ಲ. ನನ್ನನ್ನ ಮದುವೆಯಾಗು, ಜೆಲಿಂದಾ."

ಅವಳು ತಲೆಯೆತ್ತಲಿಲ್ಲ. ಅವನ ಬೆರಳುಗಳು ಕಾಯಿಗಳ ನಡುವೆ ನಿಂತಿದ್ದವು. ಒಂದೊಂದರ ತುದಿಯಲ್ಲೂ ಹಳೆಯ ಗಾಯದ ಗೀಟು.

"ಏನಂತೆ?" ಎಂದ ಅಗೊಸ್ತೀನೊ ಕಟ್ಟೆಯಿಂದ. "ಏನು ಹೇಳ್ದ ಅವನು?"

ಅಪ್ಪನಿಗೆ ಹೇಳಬೇಕೆಂದರೆ ಮುಖ ಎತ್ತಲೇಬೇಕು, ತುಟಿ ಬಿಡಿಸಲೇಬೇಕು. ಅವಳು ಎತ್ತಿದಳು. "ಮದುವೆ ಮಾತು, ಅಪ್ಪ."

"ಯಾರ ಮದುವೆ?"

"ಇವನದು."

"ಇವನದಾ? ಯಾರ ಜೊತೆ?"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಎದುರು ಮನೆಯವಳು ಗುಡಿಸುವುದನ್ನು ನಿಲ್ಲಿಸಿದಳು. ಫೆರಾಂತೆ ಅವರೆಕಾಯಿಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಜೆಲಿಂದಾ ಅಪ್ಪನ ಕಡೆ ಪೂರ್ತಿ ತಿರುಗಿದಳು. ಒಂದೊಂದು ಅಕ್ಷರವನ್ನೂ ಬೇರೆ ಬೇರೆಯಾಗಿ ಇಟ್ಟು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನಾನು ಇವನನ್ನ ಮದುವೆ ಆಗ್ತೀನಿ, ಅಪ್ಪ."

ಅಗೊಸ್ತೀನೊ ಕತ್ತು ವಾಲಿಸಿಕೊಂಡು ಅವಳ ಮುಖವನ್ನೇ ನೋಡಿದ. ಮೊದಲ ಸಲವೇ ಅವನಿಗೆ ತಿಳಿದಿತ್ತೆಂದು ಅವಳಿಗೆ ಆಗ ಗೊತ್ತಾಯಿತು.

"ಇನ್ನೊಂದ್ಸಲ ಹೇಳು," ಎಂದ ಅಪ್ಪ.